ಆಟಿ ಪಾಯಸ, ಬಾಳೆಗೊನೆ ಮತ್ತು ಮಗಳ ಕಕ್ಕ

ಆಗಸ್ಟ್ 4ರ ಬೆಳಗ್ಗೆ ಮಗಳ ನ್ಯಾಪಿ ಬಿಚ್ಚಿದವನು ನಾನು. ಬಿಳಿ ಬಟ್ಟೆ ಪೂರ್ತಿ ಕೆಂಪು. ಬೀಟ್‌ರೂಟ್ ತೊಳೆದ ನೀರಿನಲ್ಲಿ ಅದ್ದಿ ತೆಗೆದ ಹಾಗಿತ್ತು. ನನ್ನ ಕೈಕಾಲು ತಣ್ಣಗಾಯಿತು. ಮಗು ಮಾತ್ರ ಕಾಲು ಬಡಿಯುತ್ತಾ ನಗುತ್ತಿತ್ತು.

ಬಟ್ಟೆ ಹಿಡಿದುಕೊಂಡೇ ಅಡುಗೆಮನೆಗೆ ಓಡಿದೆ. ಅತ್ತೆ ಒಲೆಯ ಮುಂದೆ ಕೂತಿದ್ದರು. ಬಟ್ಟೆ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. "ಮಗೂದು ಬಿಡಿ, ಮೊದಲು ಹೋಗಿ ನಿಮ್ಮದು ನೋಡಿಕೊಳ್ಳಿ" ಅಂದರು.

ಹೋಗಿ ನೋಡಿದೆ. ನನ್ನದೂ ಕೆಂಪೇ!

ನಾನು ಹಾಸನದ ಕಡೆಯವನು. ಕೆಲಸ ಕುಶಾಲನಗರದಲ್ಲಿ, ಹೆಂಡತಿಯ ತವರು ಭಾಗಮಂಡಲದ ಹತ್ತಿರ. ಹಿಂದಿನ ದಿನ, ಅಂದರೆ ಆಗಸ್ಟ್ 3, ಆಟಿ ಹದಿನೆಂಟು, ಮಳೆಗಾಲದ ಆಟಿ ತಿಂಗಳ ಹದಿನೆಂಟನೇ ದಿನ. ಕೊಡವರು ಕಕ್ಕಡ ಪದಿನೆಟ್ಟ್ ಅನ್ನುವುದೂ ಇದನ್ನೇ. ಆಟಿಯಲ್ಲಿ ದಿನಕ್ಕೊಂದರಂತೆ ಔಷಧಿ ಗುಣ ಸೇರುತ್ತಾ ಬಂದು, ಹದಿನೆಂಟನೇ ದಿನಕ್ಕೆ ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆ ಔಷಧಿ ಕೂಡಿರುತ್ತದೆ ಅನ್ನುವುದು ಇಲ್ಲಿಯವರ ನಂಬಿಕೆ. ಆ ಸೊಪ್ಪನ್ನು ದಂಟಿನ ಸಮೇತ ಕುದಿಸಿದರೆ ನೀರು ಕಡು ನೇರಳೆಗೆ ತಿರುಗುತ್ತದೆ. ಅದಕ್ಕೆ ಅಕ್ಕಿ, ಬೆಲ್ಲ, ತೆಂಗಿನಹಾಲು ಹಾಕಿ ಪಾಯಸ ಮಾಡುತ್ತಾರೆ. ಮಳೆಗಾಲದ ಮನೆಯೊಳಗೆ ಅದರ ಪರಿಮಳ ಎರಡು ದಿನ ಇರುತ್ತದೆ. ತಿಂದವರ ಮೂತ್ರ ಮರುದಿನ ಕೆಂಪಗಾಗುತ್ತದೆ. ಆಗದಿದ್ದರೆ ಸೊಪ್ಪು ಸರಿ ಇರಲಿಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಇಷ್ಟೆಲ್ಲ ನನಗೆ ಗೊತ್ತಾಗಿದ್ದು ಆ ಬೆಳಗ್ಗೆ. ಹೆಂಡತಿ ಮೊದಲೇ ಹೇಳಬಹುದಿತ್ತು. ಬೇಕಂತಲೇ ಹೇಳಿರಲಿಲ್ಲ.

ಸಂಜೆಗೆ ಎಲ್ಲರ ಬಣ್ಣವೂ ಮಾಮೂಲಿಗೆ ಬಂತು. ಕಥೆ ಅಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಮಗಳಿಗೆ ಆಗ ಒಂದು ವರ್ಷ ಎಂಟು ತಿಂಗಳು. 5ನೇ ತಾರೀಕು ಬೆಳಗ್ಗೆ ಅವಳ ಕಕ್ಕದಲ್ಲಿ ಕಪ್ಪು ಎಳೆಗಳು ಕಂಡವು. ಒಂದೆರಡಲ್ಲ, ಹತ್ತಿಪ್ಪತ್ತು. ಒಂದೊಂದೂ ಉಗುರಿನಷ್ಟು ಉದ್ದ, ಹೊಲಿಗೆ ದಾರದಷ್ಟು ದಪ್ಪ, ಕೆಲವು ಸುರುಳಿ ಸುತ್ತಿಕೊಂಡಿದ್ದವು. ಕರೆಂಟ್ ಇರಲಿಲ್ಲ. ಟಾರ್ಚ್ ಬೆಳಕು ಅಲುಗಾಡಿದಾಗ ಅವೇ ಅಲುಗಾಡಿದ ಹಾಗೆ ಕಾಣುತ್ತಿತ್ತು.

ಈ ಸಲ ಅತ್ತೆ ನಗಲಿಲ್ಲ. "ಹುಳ" ಅಂದರು. ಮಾವ ಬಂದು ಬಗ್ಗಿ ನೋಡಿ ಅವರೂ "ಹುಳವೇ" ಅಂದರು. ಪಕ್ಕದ ತೋಟದ ಅಜ್ಜಿ ಪರಂಗಿ ಬೀಜ ಅರೆದು ಜೇನಲ್ಲಿ ಕೊಡಿ ಅಂತ ಹೇಳಿ ಕಳಿಸಿದರು. 10ನೇ ತಾರೀಕು ಅಂಗನವಾಡಿಯಲ್ಲಿ ಹೇಗೂ ಜಂತುಹುಳದ ಮಾತ್ರೆ ಕೊಡುತ್ತಾರೆ, ಐದು ದಿನ ಕಾಯೋಣ ಅಂತ ಹೆಂಡತಿ. ನನಗೆ ಮಾತ್ರ ಸಮಾಧಾನವಿಲ್ಲ. ನಿನ್ನೆ ಕೆಂಪು, ಇವತ್ತು ಕಪ್ಪು ಎಳೆ. ಪಾಯಸದ ಕೆಂಪು ಅಂತ ನಗಾಡಿದೆವಲ್ಲ, ಅದರೊಳಗೆ ನಿಜವಾದ ರಕ್ತವೂ ಇದ್ದಿದ್ದರೆ? ಯಾರಿಗೆ ಗೊತ್ತಾಗುತ್ತಿತ್ತು?

ಮರುದಿನ ಇನ್ನೊಂದು ಹೊಸದು. ಕಕ್ಕ ಗಟ್ಟಿಯಾಗಿತ್ತು, ಮಗು ಮುಖ ಕೆಂಪು ಮಾಡಿಕೊಂಡು ತಿಣುಕಿತು, ಬಂದದ್ದೂ ಪೂರ್ತಿ ಕಪ್ಪು. ಅದರಲ್ಲೂ ಆ ಎಳೆಗಳು. ಕಪ್ಪು ಕಕ್ಕ ಅಂದರೆ ಹೊಟ್ಟೆಯೊಳಗೆ ರಕ್ತಸ್ರಾವ ಇರಬಹುದು ಅಂತ ಎಲ್ಲೋ ಕೇಳಿದ್ದು ತಲೆಯಲ್ಲಿ ಕೂತುಬಿಟ್ಟಿತು. ಮೊಬೈಲಿನಲ್ಲಿ ನಾಲ್ಕು ಕೋನದಿಂದ ಫೋಟೋ ತೆಗೆದೆ. ಐಸ್‌ಕ್ರೀಂ ಡಬ್ಬಿಗೆ ಒಂದು ಚೂರು ಹಾಕಿ, ಮುಚ್ಚಿ, ಎರಡು ಪ್ಲಾಸ್ಟಿಕ್ ಕವರ್ ಸುತ್ತಿದೆ. ತ್ರಿವೇಣಿ ಸಂಗಮ ಉಕ್ಕಿ ನಾಪೋಕ್ಲು ಕಡೆಯ ರಸ್ತೆ ಮೇಲೆ ನೀರು ಬಂದಿದೆ ಅಂತ ಸುದ್ದಿ. ಮಡಿಕೇರಿ ರಸ್ತೆ ಇತ್ತು. ಹತ್ತಿರ ಹತ್ತಿರ 40 ಕಿಲೋಮೀಟರ್, ಮಂಜು, ಮಳೆ, ಅಡ್ಡ ಬಿದ್ದ ಒಂದು ಮರ. ಎರಡು ಗಂಟೆ ಹಿಡಿಯಿತು. ಮಗು ದಾರಿಯುದ್ದಕ್ಕೂ ವೈಪರ್ ಜೊತೆ ತಲೆ ಆಡಿಸುತ್ತಾ ಕೂತಿತ್ತು. ನಡುವೆ ಹೆಂಡತಿ ಬ್ಯಾಗಿನಿಂದ ಬಾಳೆಹಣ್ಣು ತೆಗೆದು ಅವಳ ಕೈಗೆ ಕೊಟ್ಟಳು. ನಾನೇ ಸಿಪ್ಪೆಯನ್ನು ಕಿಟಕಿಯಿಂದ ಆಚೆ ಎಸೆದೆ. ಆಗಲೂ ಹೊಳೆಯಲಿಲ್ಲ.

ಮಕ್ಕಳ ಡಾಕ್ಟರು ಮಗುವಿನ ಹೊಟ್ಟೆ ಒತ್ತಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು, ತೂಕ ಹಾಕಿದರು. 11 ಕೆಜಿ. ಜ್ವರ ಇಲ್ಲ, ವಾಂತಿ ಇಲ್ಲ, ಉಚ್ಚೆ ಸರಿಯಾಗಿ ಹೋಗುತ್ತಿದೆ, ಆಟ ಕಮ್ಮಿಯಾಗಿಲ್ಲ.

"ಏನು ತಿಂತಿದ್ದಾಳೆ?"

"ಹೊಸದೇನೂ ಇಲ್ಲ ಡಾಕ್ಟ್ರೇ, ಆಟಿ ಪಾಯಸ ಒಂದು ಬಟ್ಟಲು. ಮತ್ತೆಲ್ಲ ಮಾಮೂಲಿ."

"ಮಾಮೂಲಿ ಅಂದರೆ?"

ಹೆಂಡತಿ ಹೇಳುತ್ತಾ ಹೋದಳು. ಬೆಳಗ್ಗೆ ರಾಗಿ ಸರಿ, ಮಧ್ಯಾಹ್ನ ಅನ್ನ ತಿಳಿಸಾರು, ಸಂಜೆ ನೂಪುಟ್ಟು (ಅಕ್ಕಿ ಶಾವಿಗೆ) ಹಾಲು. ಮಧ್ಯೆ ಬಾಳೆಹಣ್ಣು.

"ಎಷ್ಟು ಬಾಳೆಹಣ್ಣು?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಹಿಂದಿನ ವಾರದ ಗಾಳಿಗೆ ಹಿತ್ತಲಿನ ಬಾಳೆ ಗಿಡ ಒಂದು ಗೊನೆ ಸಮೇತ ಮಲಗಿತ್ತು. ಮಾವ ಗೊನೆ ಕಡಿದು ಒಲೆಯ ಮೇಲಿನ ಅಟ್ಟದಲ್ಲಿ ತೂಗುಹಾಕಿದ್ದರು. ಹೊಗೆಗೆ ಎಲ್ಲ ಒಟ್ಟಿಗೆ ಹಣ್ಣಾಯಿತು. ಮಗು ಅತ್ತರೆ ಮಾವ ಒಂದು ಕೊಡುತ್ತಿದ್ದರು, ಊಟ ಬೇಡ ಅಂದರೆ ಅತ್ತೆ ಒಂದು, ಮಲಗುವ ಮುಂಚೆ ಹೆಂಡತಿ ಒಂದು. ಯಾರೂ ಲೆಕ್ಕ ಇಟ್ಟಿರಲಿಲ್ಲ. ಕೂಡಿಸಿ ನೋಡಿದರೆ ದಿನಕ್ಕೆ ಐದಾರು. ಅಷ್ಟು ಚಿಕ್ಕ ಹೊಟ್ಟೆಗೆ! ನಾವು ವಿಶೇಷದ ಪಾಯಸವನ್ನು ಹಿಡಿದುಕೊಂಡಿದ್ದೆವು, ದಿನಾ ಕೈಗೆ ಕೊಟ್ಟಿದ್ದು ನೆನಪಿಗೇ ಬಂದಿರಲಿಲ್ಲ.

ಡಾಕ್ಟರು ನನ್ನ ಐಸ್‌ಕ್ರೀಂ ಡಬ್ಬಿಗೆ ಸ್ವಲ್ಪ ನೀರು ಹಾಕಿ ಕಡ್ಡಿಯಿಂದ ಕಲಕಿದರು. ಕಂದು ನೀರಿನಲ್ಲಿ ಎಳೆಗಳು ಬಿಡಿಬಿಡಿಯಾಗಿ ತೇಲಿದವು. ಒಂದನ್ನು ಕಡ್ಡಿಯ ತುದಿಯಿಂದ ಒತ್ತಿದರು. ನಾರಿನ ಹಾಗೆ ಎರಡು ತುಂಡಾಯಿತು. "ಇದಕ್ಕೆ ತಲೆಯೂ ಇಲ್ಲ, ಬಾಲವೂ ಇಲ್ಲ" ಅಂದರು. ಬಾಳೆಹಣ್ಣಿನ ನಡುವೆ ಸಣ್ಣ ಕಪ್ಪು ಚುಕ್ಕೆಗಳ ಗೆರೆ ಇರುತ್ತದಲ್ಲ, ಅಲ್ಲಿಯ ನಾರು ಚಿಕ್ಕ ಮಕ್ಕಳಿಗೆ ಪೂರ್ತಿ ಅರಗುವುದಿಲ್ಲ. ಕರುಳಿನಲ್ಲಿ ಸಾಗುತ್ತಾ ಕಪ್ಪಾಗಿ, ದಾರದ ಹಾಗೆ ಹೊರಗೆ ಬರುತ್ತದೆ. ಇದನ್ನು ನೋಡಿ ಹುಳ ಅಂತ ಓಡಿಬರುವ ಅಪ್ಪ ಅಮ್ಮಂದಿರು ನಾವೇ ಮೊದಲಲ್ಲವಂತೆ. ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ದಾರದ ಹುಳ ಬಿಳಿ, ಒಂದು ಸೆಂಟಿಮೀಟರಿನಷ್ಟು, ರಾತ್ರಿ ಹೊತ್ತು ಕುಂಡೆಯ ಹತ್ತಿರ ತುರಿಕೆ ತರುತ್ತದೆ. ದುಂಡು ಹುಳ ಎರೆಹುಳದಷ್ಟು ದೊಡ್ಡದು, ಅದೂ ಬಿಳಿಚಿಕೊಂಡೇ ಇರುತ್ತದೆ.

"ಸರಿ, ಆ ಕಪ್ಪು ಬಣ್ಣ?" ಅಂತ ಕೇಳಿದೆ. ನಿಜ ಹೇಳಬೇಕೆಂದರೆ ನನ್ನ ಹೆದರಿಕೆ ಇದ್ದದ್ದು ಅದರಲ್ಲೇ.

"ರಕ್ತ ಆಗೋ ಸಿರಪ್ ಏನಾದರೂ ಕೊಡ್ತಿದ್ದೀರಾ?"

ಆಶಾ ಕಾರ್ಯಕರ್ತೆ ಕೊಟ್ಟಿದ್ದ ಕಬ್ಬಿಣಾಂಶದ ಸಿರಪ್. 6 ತಿಂಗಳಿಂದ 5 ವರ್ಷದ ಮಕ್ಕಳಿಗೆ ವಾರಕ್ಕೆ ಎರಡೇ ಸಲ, ಸಲಕ್ಕೆ 1 ಮಿಲಿ. ಹೆಂಡತಿ ಬುಧವಾರ, ಶನಿವಾರ ಕೊಡುತ್ತಿದ್ದಳು. ಡಾಕ್ಟರ ಮುಂದೆಯೇ ಅತ್ತೆಗೆ ಫೋನ್ ಮಾಡಿದಳು. ಸ್ವಲ್ಪ ಹೊತ್ತು ಆ ಕಡೆಯಿಂದ ಮಳೆ ಸದ್ದು ಮಾತ್ರ. ಆಮೇಲೆ, "ಮಗು ಬೆಳ್ಳಗೆ ಬಿಳಿಚಿಕೊಂಡಿದೆ ಅಂತ ನಾನೂ ದಿನಾ ಸ್ವಲ್ಪ ಕೊಡ್ತಿದ್ದೆ. ನಾಲ್ಕೈದು ದಿನದಿಂದ. ಒಳ್ಳೇದೇ ಅಲ್ವಾ?"

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹೀರಿಕೊಳ್ಳದೆ ಉಳಿದ ಕಬ್ಬಿಣ ಕಕ್ಕವನ್ನು ಕಪ್ಪು ಮಾಡುತ್ತದೆ, ಕೆಲವರಿಗೆ ಹೊಟ್ಟೆಯನ್ನೂ ಕಟ್ಟಿಸುತ್ತದೆ. ಡಬ್ಬಿಯಲ್ಲಿದ್ದದ್ದನ್ನು ಟಿಶ್ಯೂ ಮೇಲೆ ತೆಳ್ಳಗೆ ಸವರಿ ತೋರಿಸಿದರು. ಅಂಚಿನಲ್ಲಿ ಹಸಿರು ಬಣ್ಣ. ಒಳಗೆ ರಕ್ತ ಸುರಿದು ಕಪ್ಪಾದದ್ದು ಹೀಗಿರುವುದಿಲ್ಲ, ರಸ್ತೆಗೆ ಹಾಕುವ ಟಾರಿನ ಹಾಗೆ ಅಂಟಂಟಾಗಿ ಹೊಳೆಯುತ್ತದೆ, ವಾಸನೆ ತಡೆಯಲಾಗದಷ್ಟು ಕೆಟ್ಟದಾಗಿರುತ್ತದೆ ಅಂದರು. ಹಾಗಂತ ಬಣ್ಣ ನೋಡಿ ಮನೆಯಲ್ಲೇ ತೀರ್ಮಾನ ಮಾಡಬೇಡಿ, ಬಂದಿದ್ದು ಒಳ್ಳೆಯದೇ ಆಯಿತು ಅಂತಲೂ ಸೇರಿಸಿದರು. ಖಾತ್ರಿಗೆ ಒಂದು ಲ್ಯಾಬ್ ಪರೀಕ್ಷೆಯನ್ನೂ ಬರೆದುಕೊಟ್ಟರು. ಅದರಲ್ಲಿ ರಕ್ತವೂ ಇರಲಿಲ್ಲ, ಹುಳದ ಮೊಟ್ಟೆಯೂ ಇರಲಿಲ್ಲ.

ಅತ್ತೆ ಕೊಟ್ಟಷ್ಟು ಸಿರಪ್‌ನಿಂದ ಅಪಾಯವೇನೂ ಆಗಿರಲಿಲ್ಲ. ಆದರೆ ಈ ಮಾತು ಹೇಳುವಾಗ ಮಾತ್ರ ಡಾಕ್ಟರ ಮುಖದಲ್ಲಿ ನಗು ಇರಲಿಲ್ಲ: ಬಾಟಲಿ ಮಗುವಿನ ಕೈಗೆ ಸಿಗದ ಹಾಗೆ ಎತ್ತರದಲ್ಲಿಡಿ, ಸಿಹಿ ಅಂತ ಒಂದೇ ಸಲ ಜಾಸ್ತಿ ಕುಡಿದುಬಿಟ್ಟರೆ ಪ್ರಾಣಕ್ಕೇ ಬರುತ್ತದೆ. ನಮ್ಮ ಬಾಟಲಿ ಆಗ ಮಂಚದ ಪಕ್ಕದ ಸ್ಟೂಲ್ ಮೇಲಿತ್ತು. ಆ ಮಾತು ಕೇಳಿ ನನಗೆ ಬೆವರಿತು, ಮಡಿಕೇರಿಯ ಆ ಚಳಿಯಲ್ಲೂ.

ಹೊರಡುವಾಗ ಬಾಗಿಲ ಹತ್ತಿರ ನಿಂತು ಇನ್ನೊಮ್ಮೆ ಕೇಳಿದೆ, ಹಾಗಾದರೆ ಯಾವಾಗ ಹೆದರಬೇಕು ಅಂತ. ಕಕ್ಕದಲ್ಲಿ ರಕ್ತ, ಟಾರಿನಂಥ ಕಪ್ಪು, ಸುಣ್ಣದ ಹಾಗೆ ಬಿಳಿ. ಇವು ಕಂಡರೆ ಮಳೆ ಅಂತ ಕೂರಬೇಡಿ ಅಂದರು. ಭೇದಿಯಾದರೆ ಓಆರ್‌ಎಸ್ ಶುರು ಮಾಡಿ. ಆರೆಂಟು ಗಂಟೆ ಉಚ್ಚೆ ಹೋಗದಿದ್ದರೆ, ಕಣ್ಣು ಗುಳಿಬಿದ್ದರೆ, ಅತ್ತಾಗ ಕಣ್ಣೀರು ಬರದಿದ್ದರೆ, ಮಗು ಮಂಕಾದರೆ ಫೋಟೋ ತೆಗೆಯುತ್ತಾ ಕೂರಬೇಡಿ ಅಂದರು. ಅದು ನನಗೇ ಹೇಳಿದ್ದು, ಗೊತ್ತಾಯಿತು.

ಮೂರು ದಿನ ಬಾಳೆಹಣ್ಣು ಬಂದ್. ನೀರು ಜಾಸ್ತಿ, ಪರಂಗಿ ಹಣ್ಣು, ಸಾರಿನ ಜೊತೆ ಸೊಪ್ಪು. ಸಿರಪ್ ಮತ್ತೆ ವಾರಕ್ಕೆ ಎರಡೇ ಸಲ, ಅದೂ ಹೆಂಡತಿಯ ಕೈಯಿಂದ ಮಾತ್ರ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮಗು ತಿಂದದ್ದನ್ನೆಲ್ಲ ಬರೆಯಬೇಕು ಅಂತ ನಾನು ನಿಯಮ ಮಾಡಿದೆ. ಮಾವ ಎರಡು ದಿನ ಬರೆದರು. ಮೂರನೇ ದಿನ ಆ ಜಾಗದಲ್ಲಿ ಕಾಫಿ ತೋಟಕ್ಕೆ ಬಂದ ಆಳಿನ ಲೆಕ್ಕ ಇತ್ತು.

ಎರಡನೇ ದಿನ ಎಳೆಗಳು ಕಮ್ಮಿಯಾದವು, ನಾಲ್ಕನೇ ದಿನ ಒಂದೂ ಇರಲಿಲ್ಲ. ಬಣ್ಣ ತಿಳಿಯಾಗಲು ಅದಕ್ಕಿಂತ ಒಂದು ದಿನ ಜಾಸ್ತಿ ಬೇಕಾಯಿತು. ಗೊನೆಯಲ್ಲಿ ಉಳಿದ ಹಣ್ಣನ್ನು ಅತ್ತೆ ಅಕ್ಕಿತರಿ, ಬೆಲ್ಲ ಹಾಕಿ ಕಲಸಿ ಬಾಳೆಲೆಯಲ್ಲಿ ಬೇಯಿಸಿದರು. ನಾವು ದೊಡ್ಡವರೇ ತಿಂದು ಮುಗಿಸಿದೆವು. ಫೋಟೋಗಳನ್ನು ಅಳಿಸಲು ಮರೆತಿದ್ದೆ. ಆಫೀಸಿನಲ್ಲಿ ಸಹೋದ್ಯೋಗಿಯೊಬ್ಬರು ಆಟಿ ಹಬ್ಬದ ಫೋಟೋ ತೋರಿಸಿ ಅಂತ ಮೊಬೈಲ್ ಇಸಿದುಕೊಂಡು ಬೆರಳಾಡಿಸಿದಾಗ ನೆನಪಾಯಿತು. ಅವರು ಈಗಲೂ ನನ್ನ ಮೊಬೈಲ್ ಮುಟ್ಟುವುದಿಲ್ಲ.

ಅಷ್ಟು ದಿನ ಮನೆಮಂದಿಯೆಲ್ಲ ಸುತ್ತ ನಿಂತು ಟಾರ್ಚ್ ಬಿಟ್ಟು ನೋಡಿದ್ದೇ ಅಲ್ವಾ, ಮಗಳು ಅದನ್ನು ಕಲಿತುಬಿಟ್ಟಿದ್ದಾಳೆ. ಈಗ ಕಕ್ಕದ ಪಾಟಿಯಿಂದ ಏಳುತ್ತಾಳೆ, ತಿರುಗುತ್ತಾಳೆ, ಮಂಡಿ ಮೇಲೆ ಕೈಯಿಟ್ಟು ಬಗ್ಗಿ ನೋಡುತ್ತಾಳೆ. ಆಮೇಲೆ ಒಳಗಿದ್ದವರಿಗೆಲ್ಲ ಕೇಳುವ ಹಾಗೆ ಕೂಗುತ್ತಾಳೆ:

"ಉಳ ಇಲ್ಲಾ!"