ಪೆರೋವ್‌ಸ್ಕೈಟ್ ಸೆಲ್, ತುಮಕೂರು ತಾರಸಿ: ಈಗ ಅಂಚಿನ ಸೀಲ್ ಸರದಿ

ಪೆರೋವ್‌ಸ್ಕೈಟ್ ಅಂದರೆ ಬೆಳಕನ್ನು ವಿದ್ಯುತ್ತಾಗಿಸುವ ಒಂದು ಬಗೆಯ ಹರಳು; ಅದರ ತೆಳು ಫಿಲ್ಮ್ ಇರುವ ಸೌರ ಸೆಲ್‌ಗಳನ್ನು ತಾರಸಿಯಲ್ಲಿಟ್ಟು ಪರೀಕ್ಷಿಸುತ್ತಿದ್ದೇವೆ. ಫಿಲ್ಮಿನ ಪಾಕ ಇನ್ನು ಬದಲಾಗುವುದಿಲ್ಲ. 1 ಮಿ.ಲೀ. ದ್ರಾವಕಕ್ಕೆ (ಡಿಎಂಎಫ್ 0.8, ಡಿಎಂಎಸ್‌ಒ 0.2) ಲೆಡ್ (ಸೀಸದ) ಅಯೊಡೈಡ್ 553 ಮಿ.ಗ್ರಾಂ, ಫಾರ್ಮಮಿಡಿನಿಯಂ ಅಯೊಡೈಡ್ 171 ಮಿ.ಗ್ರಾಂ, ಸೀಸಿಯಂ ಅಯೊಡೈಡ್ 53 ಮಿ.ಗ್ರಾಂ. ದ್ರಾವಣ ಹಾಕಿದ ಗಾಜನ್ನು ವೇಗವಾಗಿ ತಿರುಗಿಸುವ ಸ್ಪಿನ್ ಮುಗಿಯುವ ಕೊನೆಯ ಕ್ಷಣಗಳಲ್ಲಿ, ಹರಳುಗಟ್ಟಿಸಲು ಕ್ಲೋರೊಬೆಂಜೀನ್, ಆಮೇಲೆ ಹಾಟ್‌ಪ್ಲೇಟಿನಲ್ಲಿ 150 ಡಿಗ್ರಿ, 10 ನಿಮಿಷ.

ಮೀಥೈಲ್‌ಅಮೋನಿಯಂ (ಇಂಥ ಸೆಲ್‌ಗಳಲ್ಲಿ ಮೊದಲು ಬಳಸುತ್ತಿದ್ದ ಸಾವಯವ ಅಯಾನು) ಪೂರ್ತಿ ಕೈಬಿಟ್ಟಿದೆ. 2009ರಲ್ಲಿ ಜಪಾನಿನ ವಿಜ್ಞಾನಿ ಮಿಯಾಸಾಕಾ ತಂಡದ 3.8% ದಕ್ಷತೆಯ ಸೆಲ್ ಅದರ ಮೇಲೇ ನಿಂತಿತ್ತು, ನಿಜ. ಆದರೆ 85 ಡಿಗ್ರಿ ಬಿಸಿಯಲ್ಲಿ, ತೇವವೇ ಇಲ್ಲದಿದ್ದರೂ, ಅದು ಫಿಲ್ಮ್ ಬಿಟ್ಟು ಹಾರಿಹೋಗುತ್ತದೆ. ನಮ್ಮ ಕಡೆ ಬಿಸಿಲೇನು ಕಡಿಮೆಯೇ? ಪಾವಗಡದಲ್ಲಿ ಏಪ್ರಿಲ್ ಮಧ್ಯಾಹ್ನ ಗಾಳಿ 38 ಡಿಗ್ರಿ ಇದ್ದರೆ, ಸಾಮಾನ್ಯ ಗಾಜಿನ ಪ್ಯಾನೆಲ್ ಪೂರ್ಣ ಬಿಸಿಲಿಗೆ ಸುಮಾರು 69 ಡಿಗ್ರಿಗೆ ಏರುತ್ತದೆ.

ಬರೀ ಫಾರ್ಮಮಿಡಿನಿಯಂ ಹಾಕಿದರೆ ಬೇರೆ ರಗಳೆ: ಬೆಳಕು ಹೀರುವ ಕಪ್ಪು ಹಂತ (ಹರಳಿನ ಒಂದು ರೂಪ) ಕೋಣೆಯ ತಾಪಮಾನದಲ್ಲೇ ಹಳದಿಗೆ ತಿರುಗುತ್ತದೆ, ತೇವ ಸೋಕಿದರೆ ಇನ್ನೂ ಬೇಗ. ಗಾತ್ರದಲ್ಲಿ ಚಿಕ್ಕದಾದ ಸೀಸಿಯಂ ಸೇರಿಸುವುದು ಅದಕ್ಕೇ. ಹಳದಿ ಕಂಡ ತಕ್ಷಣ ಫಿಲ್ಮ್ ಎಸೆಯಬೇಡಿ. ಒಣ ಗಾಳಿಯಲ್ಲಿ 150 ಡಿಗ್ರಿಗೆ ಕಾಯಿಸಿ ನೋಡಿ: ಮತ್ತೆ ಕಪ್ಪಾದರೆ ಬರೀ ಹಂತ ಬದಲಾಗಿತ್ತು ಅಂತ; ಹಳದಿಯಾಗೇ ಉಳಿದರೆ ಲೆಡ್ ಅಯೊಡೈಡ್, ಆ ಸೆಲ್ ಹೋಯಿತು. ಎಕ್ಸ್‌ಆರ್‌ಡಿ (ಎಕ್ಸ್‌ಕಿರಣದಿಂದ ಹರಳನ್ನು ಗುರುತಿಸುವ ಯಂತ್ರ) ಸಿಕ್ಕರೆ ಹಳದಿ ಹಂತದ ಗುರುತು 11.8 ಡಿಗ್ರಿ ಕೋನದ ಹತ್ತಿರ, ಲೆಡ್ ಅಯೊಡೈಡಿನದು 12.7ರಲ್ಲಿ ಕಾಣುತ್ತದೆ.

ಮೇಲಿನ ಎಲೆಕ್ಟ್ರೋಡ್ ಕಾರ್ಬನ್ ಪೇಸ್ಟ್. ಸಾಮಾನ್ಯವಾಗಿ ಹಾಕುವ ಚಿನ್ನ ಬಿಸಿಗೆ ಒಳಕ್ಕೆ ಇಳಿಯುತ್ತದೆ, ಅದರಡಿ ವಿದ್ಯುತ್ ಸಾಗಿಸುವ ಸ್ಪೈರೊ ಎಂಬ ಸಾವಯವ ಪದರಕ್ಕೆ ಬೆರೆಸುವ ಲಿಥಿಯಂ ಲವಣ ನೀರು ಎಳೆಯುತ್ತದೆ. ದಕ್ಷತೆ ಒಂದಿಷ್ಟು ಬಿಟ್ಟುಕೊಟ್ಟರೂ ಇದೇ ಲೇಸು.

ಈಗ ಕೆಲಸವೆಲ್ಲ ಅಂಚಿನದು. ಹಿಂದೆ ಮುಂದೆ ಗಾಜು, ಸುತ್ತ ಬ್ಯುಟೈಲ್ ರಬ್ಬರ್ ಟೇಪ್. ಟೇಪ್ ಕೂರುವ ಜಾಗದಲ್ಲಿ ಫಿಲ್ಮನ್ನು ಬ್ಲೇಡಿನಿಂದ ಕೆರೆದು ಗಾಜು ಕಾಣುವಂತೆ ಒರೆಸಲೇಬೇಕು. ಕಪ್ಪು ಪದರದ ಒಂದೇ ಒಂದು ಗೆರೆ ಟೇಪಿನಡಿ ಉಳಿದರೂ ತೇವ ಆ ದಾರಿಯಲ್ಲೇ ನುಸುಳುತ್ತದೆ. ಇನ್ನೊಂದು ಕಳ್ಳದಾರಿ ತಂತಿ ಹೊರಬರುವ ಮೂಲೆ. ಎಳೆ ಎಳೆಯ ವೈರ್ ಬತ್ತಿಯ ಹಾಗೆ ನೀರು ಹೀರುತ್ತದೆ. ತವರ ಲೇಪಿಸಿದ ಚಪ್ಪಟೆ ತಾಮ್ರದ ಪಟ್ಟಿ ಹಾಕಿ, ಅದರ ಮೇಲೂ ಕೆಳಗೂ ಟೇಪ್ ಕೊಡಿ. ಹಳದಿ ಈ ಮೂಲೆಯಿಂದ ಶುರುವಾಗಿದ್ದರೆ ಪಾಕವನ್ನು ದೂರಬೇಡಿ. ಸಿಲಿಕಾನ್ ಪ್ಯಾನೆಲ್‌ಗೆ ಹಾಕುವ ಇವಿಎ ಪ್ಲಾಸ್ಟಿಕ್ ಹಾಳೆ ಇಲ್ಲಿ ಬೇಡ. ಬಿಸಿಗೆ ಅದು ಅಸಿಟಿಕ್ ಆಮ್ಲ ಬಿಡುತ್ತದೆ.

ಸೀಲ್ ಪರೀಕ್ಷೆಗೆ ಆರ್ದ್ರತೆ ನಿಯಂತ್ರಿಸುವ ಚೇಂಬರ್ ಬೇಕಿಲ್ಲ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಕರಗದೆ ತಳದಲ್ಲಿ ಉಳಿಯುವಷ್ಟು ಉಪ್ಪು ಹಾಕಿದ ನೀರಿಟ್ಟರೆ ಒಳಗಿನ ಆರ್ದ್ರತೆ 75%ಕ್ಕೆ ನಿಲ್ಲುತ್ತದೆ. ಸೆಲ್ ನೀರಿಗೆ ತಾಗದಂತೆ ಜಾಲರಿಯ ಮೇಲಿರಲಿ, ಪಕ್ಕದಲ್ಲಿ ಸೀಲ್ ಮಾಡದ ಒಂದು ತುಂಡು ಹೋಲಿಕೆಗೆ. ಸೌರ ಪ್ಯಾನೆಲ್‌ಗಳ ಅಂತರರಾಷ್ಟ್ರೀಯ ಮಾನದಂಡ ಐಇಸಿ 61215 ತೇವ-ಬಿಸಿ ಪರೀಕ್ಷೆಗೆ ಕೇಳುವುದು 85 ಡಿಗ್ರಿ, 85% ಆರ್ದ್ರತೆ, 1000 ಗಂಟೆ. ಅದು ಕತ್ತಲಲ್ಲಿ ನಡೆಯುವ ಪರೀಕ್ಷೆ. ಪೆರೋವ್‌ಸ್ಕೈಟ್‌ಗೆ ಬೆಳಕೂ ಬಿಸಿಯೂ ಒಟ್ಟಿಗೆ ಬಿದ್ದಾಗಲೇ ಅಯಾನುಗಳ ಓಡಾಟ ಜೋರು. ಹಾಗಾಗಿ ಅದೊಂದು ಪಾಸಾದರೆ ಸಾಲದು.

ತಾರಸಿಯಲ್ಲಿ ಸ್ಟ್ಯಾಂಡ್ ದಕ್ಷಿಣಕ್ಕೆ, 13 ಡಿಗ್ರಿ ಓರೆ. ಸೆಲ್‌ಗಳನ್ನು ಲೋಡ್ ಇಲ್ಲದೆ ತೆರೆದಿಟ್ಟರೆ ಬೇಗ ಸವೆಯುತ್ತವೆ; ಗರಿಷ್ಠ ಪವರ್ ಸಿಗುವ ವೋಲ್ಟೇಜಿಗೆ ಹತ್ತಿರದ ರೆಸಿಸ್ಟರ್ ಒಂದೊಂದಕ್ಕೂ ಕಟ್ಟಿದೆ. ರಾತ್ರಿ ಕತ್ತಲಲ್ಲಿ ಸೆಲ್ ಸ್ವಲ್ಪ ಚೇತರಿಸಿಕೊಳ್ಳುವುದರಿಂದ ಬೆಳಗಿನ ಮೊದಲ ಮೀಟರ್ ಓದನ್ನು ನಂಬುವಂತಿಲ್ಲ. ಬಿಸಿಲಿಗೆ ಬಿದ್ದು ಓದು ಸ್ಥಿರವಾದ ಮೇಲಿನ ಅಂಕಿಯನ್ನೇ, ಗಾಜಿನ ಹಿಂಬದಿಯ ತಾಪಮಾನದ ಜೊತೆಗೆ, ದಾಖಲಿಸುತ್ತಿದ್ದೇವೆ. ಸೀಲ್‌ನ ನಿಜವಾದ ಪರೀಕ್ಷೆ ಸೆಪ್ಟೆಂಬರ್-ಅಕ್ಟೋಬರ್ ಮಳೆಗೆ. ಅಷ್ಟರೊಳಗೆ ತಂತಿಯ ಮೂಲೆಗಳಿಗೆ ಎರಡನೇ ಸುತ್ತಿನ ಟೇಪ್ ಆಗಬೇಕು. ಕೆರೆದ ಪುಡಿ, ಒರೆಸಿದ ಟಿಶ್ಯೂ, ಕೈಗವಸು ಸೀಸದ ಕಸಕ್ಕೆಂದೇ ಇಟ್ಟ ಡಬ್ಬಿಗೇ ಹೋಗಬೇಕು, ಸಿಂಕಿಗಲ್ಲ.