ಉಳಿದ ನಾಲ್ಕು ಜನ ಯಾರು?

ಸೋಮವಾರದಿಂದ ಒಂದು ಪ್ರಶ್ನೆ ನನ್ನ ತಲೆ ತಿನ್ನುತ್ತಿದೆ. ಕೇಳಿದ್ದು ನಮ್ಮೂರ ಲೈಬ್ರರಿ ಅಜ್ಜಿ.

ನಮ್ಮೂರು ಅಂದರೆ ನೆಬ್ರಾಸ್ಕಾದ ಮೆಕ್ಕೆಜೋಳದ ಹೊಲಗಳ ನಡುವಿನ ಒಂದು ಪುಟ್ಟ ಊರು. ಹೆಸರು ಹೇಳೋಲ್ಲ. ಹೇಳಿದರೆ ನಮ್ಮ ಮನೆ ಯಾವುದು ಅಂತ ಯಾರಿಗಾದರೂ ಎರಡು ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ. ನನ್ನ ಕಷ್ಟವೂ ಅದೇ.

ಮಗಳ ಪುಸ್ತಕ ವಾಪಸ್ ಕೊಡಲು ಹೋಗಿದ್ದೆ. ಅಜ್ಜಿ ಯಾವುದೋ ಅನುದಾನಕ್ಕೆ ಅರ್ಜಿ ತುಂಬುತ್ತಿದ್ದರು. ಊರಲ್ಲಿ ಯಾವ ಜನಾಂಗದವರು ಎಷ್ಟು ಮಂದಿ ಇದ್ದಾರೆ ಅಂತ ಬರೆಯಬೇಕಂತೆ. ಬಾ ಇಲ್ಲಿ ಅಂತ ಕರೆದು ಕಂಪ್ಯೂಟರ್ ತೋರಿಸಿದರು. 2020ರ ಜನಗಣತಿಯ ಪಟ್ಟಿ. ಬಿಳಿಯರ ಎದುರು ಒಂದು ದೊಡ್ಡ ಸಂಖ್ಯೆ. ಹಿಸ್ಪ್ಯಾನಿಕ್ ಅಂತ ಒಂದಿಷ್ಟು. ಏಷ್ಯನ್ ಎದುರು 11. ಅಜ್ಜಿ ಕನ್ನಡಕವನ್ನು ಹಣೆಗೇರಿಸಿ ಬೆರಳು ಎಣಿಸಲು ಶುರು ಮಾಡಿದರು.

"ನಿಮ್ಮನೇಲಿ ನಾಲ್ಕು. ಮೋಟೆಲಿನವರು ಮೂರು. ಏಳಾಯ್ತು. ಉಳಿದ ನಾಲ್ಕು ಜನ ಯಾರು?"

ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮದುವೆ ಮನೆಯಲ್ಲಿ ಎಲೆ ಎಣಿಸುವವರು ಕೇಳುತ್ತಾರಲ್ಲ, ಆ ಥರ. ನನಗೂ ಆಗ ಏನೂ ಅನ್ನಿಸಲಿಲ್ಲ. ಹೌದಲ್ವಾ, ಯಾರಿರಬಹುದು ಅಂತ ಕುರ್ಚಿ ಎಳೆದುಕೊಂಡು ಕೂತೆ. ಗಣಿತದ ಮೇಷ್ಟ್ರ ಹೆಂಡತಿ ಫಿಲಿಪೀನ್ಸಿನವರು, ಎಂಟು. ಹಳ್ಳದ ಆಚೆ ಹೊಲದ ಮನೆಯವರು ದತ್ತು ತಂದ ಕೊರಿಯಾದ ಹುಡುಗಿ? ಅವಳು ಓಮಾಹಾಗೆ ಹೋಗಿ ವರ್ಷಗಳಾದವು. ಆದರೂ ಸೇರಿಸೋಣ, ಒಂಬತ್ತು. ಅಲ್ಲಿಗೆ ನಿಂತಿತು. ಹತ್ತು ನಿಮಿಷ ಇಬ್ಬರೂ ಊರಿನ ಬೀದಿ ಬೀದಿ ಅಲೆದೆವು, ಕೂತಲ್ಲೇ.

ಕಾರು ಹತ್ತಿದ ಮೇಲೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ಅಜ್ಜಿ ಒಳ್ಳೆಯವರು. ನಾನು ಎರಡನೇ ಬಾಣಂತನದಲ್ಲಿ ಒಬ್ಬಳೇ ಒದ್ದಾಡುವಾಗ ಮೂರು ವಾರ ಬಾಗಿಲಿಗೆ ಸೂಪ್ ತಂದಿಟ್ಟವರು. ಆದರೆ ಸ್ವಲ್ಪ ಜಾಸ್ತಿಯೇ ಮೂಗು ತೂರಿಸುತ್ತಾರೆ, ಅದನ್ನೂ ಹೇಳಬೇಕು. ನಮ್ಮ ಮನೆಗೆ ಯಾವಾಗ ನೆಂಟರು ಬಂದರು, ಎಷ್ಟು ದಿನ ಇದ್ದರು, ಎಲ್ಲ ಅವರ ಬಾಯಲ್ಲಿ. ಊರಿನ ಜರ್ಮನ್ ಮೂಲದವರು ಎಷ್ಟು, ಜೆಕ್ ಮೂಲದವರು ಎಷ್ಟು ಅಂತ ಅವರು ಬೆರಳು ಎಣಿಸಲಾರರು. ನಮ್ಮನ್ನು ಎಣಿಸಬಹುದು. ಎರಡು ಕೈ ಸಾಕು. ನಮ್ಮ ಮಗ ಹುಟ್ಟಿದ ರಾತ್ರಿ ಈ ಊರಿನ ಭಾರತೀಯರ ಸಂಖ್ಯೆ ಆರರಿಂದ ಏಳಕ್ಕೆ ಏರಿತು. ಮೋಟೆಲಿನವರು ನಾಳೆ ಮಾರಿಕೊಂಡು ಹೋದರೆ ಮೂರು ಖಾಲಿ. ಯಾವ ಕ್ರಾಂತಿಯೂ ಬೇಡ, ಒಂದು ಸಾಮಾನಿನ ಲಾರಿ ಬಂದು ನಿಂತರೆ ಸಾಕು.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಅಷ್ಟು ದೂರ ಹೋಗಿ ನೀನೂ ತಲೆ ಎಣಿಸ್ಕೊಂಡು ಕೂತ್ಯೇನೆ?" ಅಂತ ನಕ್ಕರು. ನಮ್ಮೋರು ಇನ್ನೂ ಚುರುಕು. "ಅವರಿಗೂ ಕೆಲಸ ಇಲ್ಲ, ನಿನಗೂ ಇಲ್ಲ" ಅಂತ ಹೇಳಿ ಮಲಗಲು ಹೋದರು.

ಪಾತ್ರೆ ತೊಳೆಯುತ್ತಿದ್ದೆ. ತಟ್ಟನೆ ಹೊಳೆಯಿತು. ಪಟ್ಟಿ 2020ರದು. ಏಪ್ರಿಲ್ 1ಕ್ಕೆ ಯಾರು ಎಲ್ಲಿದ್ದರು ಅನ್ನುವ ಲೆಕ್ಕ. ನಾವು ಈ ಊರಿಗೆ ಬಂದಿದ್ದೇ 2022ರಲ್ಲಿ!

ಬಂದ ಕತೆಯೂ ಮಾಮೂಲಿ. ಜೆ-1 ವೀಸಾದಲ್ಲಿ ಓದಿದ ಡಾಕ್ಟರುಗಳು ಎರಡು ವರ್ಷ ತಮ್ಮ ದೇಶಕ್ಕೆ ವಾಪಸ್ ಹೋಗಬೇಕು, ಇಲ್ಲವಾದರೆ ಡಾಕ್ಟರುಗಳೇ ಇಲ್ಲದ ಕಡೆ ಮೂರು ವರ್ಷ ಕೆಲಸ ಮಾಡಬೇಕು. ಕಾನ್ರಾಡ್ 30 ಅಂತ ಅದರ ಹೆಸರು, ಒಂದು ರಾಜ್ಯಕ್ಕೆ ವರ್ಷಕ್ಕೆ 30 ಮಂದಿ. ಅಮೆರಿಕದ ಇಂಥ ಎಷ್ಟೋ ಸಣ್ಣ ಊರುಗಳಲ್ಲಿ ಡಾಕ್ಟರ ಮನೆಯಲ್ಲಿ ಒಗ್ಗರಣೆ ವಾಸನೆ ಬರುವುದು ಇದರಿಂದಲೇ. ಇದೇ ರಾಜ್ಯದ ಲೆಕ್ಸಿಂಗ್ಟನ್, ಸ್ಕೈಲರ್ ಊರುಗಳಲ್ಲಿ ಮಾಂಸದ ಕಾರ್ಖಾನೆಗಳಿಂದಾಗಿ ಹಿಸ್ಪ್ಯಾನಿಕ್ ಜನ ಅರ್ಧಕ್ಕಿಂತ ಜಾಸ್ತಿ. ನಮ್ಮೂರಿಗೆ ಕಾರ್ಖಾನೆ ಬರಲಿಲ್ಲ, ಡಾಕ್ಟರು ಬಂದರು.

ಅಂದರೆ ನಾವು ಆ ಹನ್ನೊಂದರಲ್ಲಿ ಇಲ್ಲವೇ ಇಲ್ಲ. ನಮ್ಮದಲ್ಲದ ಎಲೆಯಲ್ಲಿ ಊಟಕ್ಕೆ ಕೂತ ಹಾಗಾಯಿತು. ಉಳಿದವರು ನಾಲ್ಕಲ್ಲ, ಎಂಟು. ಅವರೆಲ್ಲ ಯಾರು, ಎಲ್ಲಿ ಹೋದರು?

ನಿದ್ದೆ ಬರಲಿಲ್ಲ. ಹುಡುಕುತ್ತಾ ಕೂತೆ. ಮೊದಲು ಸಿಕ್ಕಿದ್ದು ಇದು: 2020ರಲ್ಲಿ ಜನಗಣತಿಯವರು ಚಿಕ್ಕ ಊರುಗಳ ಅಂಕಿಗಳನ್ನು ಬೇಕಂತಲೇ ಒಂದಿಷ್ಟು ಆಚೀಚೆ ಮಾಡಿದ್ದಾರೆ. ಇಡೀ ರಾಜ್ಯದ ಒಟ್ಟು ಜನಸಂಖ್ಯೆ ಮಾತ್ರ ಎಣಿಸಿದ್ದು ಎಣಿಸಿದ ಹಾಗೆ. ಊರು, ಬೀದಿ ಅಂತ ಕೆಳಗಿಳಿದರೆ ಸಂಖ್ಯೆಗೆ ಲೆಕ್ಕ ಹಾಕಿಯೇ ಒಂದಿಷ್ಟು ತಪ್ಪು ಬೆರೆಸಿದ್ದಾರೆ. ಇದರಿಂದ ಕೆಲವು ಬೀದಿಗಳಲ್ಲಿ ದೊಡ್ಡವರೇ ಇಲ್ಲದೆ ಬರೀ ಮಕ್ಕಳೇ ವಾಸವಿದ್ದಾರೆ, ಕಾಗದದ ಮೇಲೆ! ಯಾಕೆ ಹೀಗೆ ಅಂದರೆ, ಯಾರೋ ಪಟ್ಟಿ ನೋಡಿ, ಬೆರಳು ಎಣಿಸಿ, ಇದು ಇಂಥವರ ಮನೆ ಅಂತ ಪತ್ತೆ ಹಚ್ಚಬಾರದು ಅಂತ. ಸರ್ಕಾರ ಇಷ್ಟೆಲ್ಲ ಗಣಿತ ಮಾಡಿದ್ದು ಲೈಬ್ರರಿ ಅಜ್ಜಿಯಂಥವರಿಗಾಗಿಯೇ ಅನ್ನಿಸಿ ಒಬ್ಬಳೇ ನಕ್ಕೆ. ಹನ್ನೊಂದು ಅನ್ನುವುದು ನಿಜಕ್ಕೂ ಎಂಟಿರಬಹುದು, ಹದಿಮೂರೂ ಇರಬಹುದು.

ಆಮೇಲೆ ನಿದ್ದೆ ಪೂರ್ತಿ ಹೋಯಿತು. ಈ ದೇಶದ ಲೆಕ್ಕದಲ್ಲಿ ನಾವು ಏನೇನಾಗಿದ್ದೇವೆ ನೋಡಿ. 1920ರಿಂದ 1940ರವರೆಗೆ ನಮ್ಮ ಜನಾಂಗದ ಹೆಸರು 'ಹಿಂದೂ'. ಆಗ ಇಲ್ಲಿದ್ದ ಭಾರತದವರಲ್ಲಿ ಹೆಚ್ಚಿನವರು ಪಂಜಾಬಿನ ಸಿಖ್ಖರು, ಅವರೂ ಹಿಂದೂ ಜನಾಂಗವೇ! 1970ರಲ್ಲಿ ನಮ್ಮನ್ನು ಬಿಳಿಯರ ಲೆಕ್ಕಕ್ಕೆ ಹಾಕಿದರು. 1980ರಲ್ಲಿ 'ಏಷ್ಯನ್ ಇಂಡಿಯನ್' ಅನ್ನುವ ಬಾಕ್ಸ್ ಬಂತು. ಅಮೆರಿಕದ ಸೈನ್ಯದಲ್ಲಿದ್ದ ಭಗತ್ ಸಿಂಗ್ ಥಿಂಡ್ ಅನ್ನುವ ಸಿಖ್ಖರು ನಾನು ಆರ್ಯ, ಹಾಗಾಗಿ ಬಿಳಿಯ, ಪೌರತ್ವ ಕೊಡಿ ಅಂತ ಸುಪ್ರೀಂ ಕೋರ್ಟಿನವರೆಗೂ ಹೋದರು. ಸಾಮಾನ್ಯ ಜನ ಬಿಳಿಯ ಅಂದಾಗ ಮನಸ್ಸಿಗೆ ಬರುವವರು ನೀವಲ್ಲ ಅಂತ 1923ರಲ್ಲಿ ಕೋರ್ಟು ತೀರ್ಪು ಕೊಟ್ಟಿತು. ಅವರ ವಾದವೂ ನನಗೆ ಇಷ್ಟವಾಗಲಿಲ್ಲ, ನಾನು ಮೇಲಿನ ಪಂಕ್ತಿಯವನು ಅನ್ನುವ ವಾಸನೆ ಅದರಲ್ಲಿದೆ. ಆ ತೀರ್ಪು ಅದಕ್ಕಿಂತ ಕೆಟ್ಟದ್ದು.

ಗುರುವಾರ ಮತ್ತೆ ಲೈಬ್ರರಿಗೆ ಹೋದೆ. ಪುಸ್ತಕ ನೆಪ ಅಷ್ಟೆ.

"ನಾವು ಆ ಹನ್ನೊಂದರಲ್ಲಿ ಇಲ್ಲ. ನಾವು ಬಂದಿದ್ದು 2022ಕ್ಕೆ" ಅಂದೆ. ಅಜ್ಜಿ ಒಂದು ಕ್ಷಣ ಬೆರಳು ನೋಡಿಕೊಂಡರು. "ಹೌದಲ್ಲ! ಯಾಕೋ ನೀವು ಮೊದಲಿಂದ ಇಲ್ಲೇ ಇದ್ದೀರಿ ಅನ್ನಿಸಿಬಿಟ್ಟಿತ್ತು" ಅಂದರು. ಸೋಮವಾರದಿಂದ ಕಟ್ಟಿಕೊಂಡಿದ್ದ ಸಿಟ್ಟು ಅಲ್ಲೇ ಅರ್ಧ ಇಳಿಯಿತು. ಪೂರ್ತಿ ಇಳಿಯಲಿಲ್ಲ. "2020ರಲ್ಲಿ ನೀವು ಏನಂತ ಬರೆದಿರಿ?" ಅಂತ ಕೇಳಿಯೇಬಿಟ್ಟೆ. ಆ ಸಲ ಬಿಳಿಯರಿಗೂ ಮೂಲ ಬರೆಯಲು ಒಂದು ಗೆರೆ ಜಾಗ ಕೊಟ್ಟಿದ್ದರು.

"ನಾನಾ? ಸುಮ್ನೆ ಬಿಳಿ. ಗೆರೆ ಖಾಲಿ ಬಿಟ್ಟೆ."

ಅಜ್ಜಿಯ ಅಮ್ಮನ ಕಡೆಯವರು ಜೆಕ್, ಅಪ್ಪನ ಕಡೆಯವರು ಜರ್ಮನ್. ಅಪ್ಪನಿಗೆ ಜರ್ಮನ್ ಓದಲು ಬರುತ್ತಿರಲಿಲ್ಲವಂತೆ. ಯಾಕೆ ಅಂದರೆ 1919ರಲ್ಲಿ ಈ ರಾಜ್ಯದಲ್ಲಿ ಎಂಟನೇ ಕ್ಲಾಸು ಮುಗಿಸದ ಮಕ್ಕಳಿಗೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಸಬಾರದು ಅಂತ ಕಾನೂನಿತ್ತು. ರಾಬರ್ಟ್ ಮೇಯರ್ ಅನ್ನುವ ಮೇಷ್ಟ್ರು ಹತ್ತು ವರ್ಷದ ಹುಡುಗನಿಗೆ ಜರ್ಮನ್‌ನಲ್ಲಿ ಬೈಬಲ್ ಕತೆ ಓದಿಸಿದ್ದಕ್ಕೆ 25 ಡಾಲರ್ ದಂಡ. ಆ ಕಾನೂನನ್ನು ಹೊಡೆದುಹಾಕಿದ್ದೂ ಅದೇ ಸುಪ್ರೀಂ ಕೋರ್ಟು. ಯಾವಾಗ? 1923ರಲ್ಲೇ. ಫೆಬ್ರವರಿಯಲ್ಲಿ ಥಿಂಡ್ ಅವರನ್ನು ಹೊರಗೆ ಹಾಕಿ, ಜೂನ್‌ನಲ್ಲಿ ಅಜ್ಜಿಯ ಕಡೆಯವರ ಪರ ನಿಂತಿತು. ನಾನು ಇದನ್ನು ಹೇಳಿದಾಗ ಅಜ್ಜಿ ಏನೂ ಮಾತಾಡಲಿಲ್ಲ. ಅವರು ಮಾತಾಡದಿದ್ದುದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಕಂಪ್ಯೂಟರ್ ಕಡೆ ತಿರುಗಿದರು. ಇಲ್ಲಿ ಜನಗಣತಿಯ ಮನೆಮನೆ ವಿವರವನ್ನು 72 ವರ್ಷ ಮುಚ್ಚಿಟ್ಟಿರುತ್ತಾರೆ. ಆ ಎಂಟು ಜನ ಯಾರು ಅಂತ ತಿಳಿಯುವುದು 2092ಕ್ಕೆ. ಆದರೆ 1950ರದು ಮೂರ್ನಾಲ್ಕು ವರ್ಷದ ಹಿಂದೆ ಹೊರಬಂದಿದೆ. ಅಜ್ಜಿ ನಮ್ಮೂರಿನ ಹಾಳೆಗಳನ್ನು ತೆಗೆದರು. ಒಂದು ಹಾಳೆಗೆ 30 ಸಾಲು, ಶಾಯಿಯ ಬರಹ. ಆಗ ಜನಾಂಗ ಯಾವುದು ಅಂತ ಕೇಳುತ್ತಿರಲಿಲ್ಲ, ಬಂದವರು ನೋಡಿ ಬರೆದುಕೊಳ್ಳುತ್ತಿದ್ದರು. ಆ ಕಾಲಮ್ಮಿನಲ್ಲಿ ಮೇಲಿಂದ ಕೆಳಗೆ ಬರೀ ಡಬ್ಲ್ಯು. ಹಾಳೆ ಮೇಲೆ ಹಾಳೆ, ಹೊಲಿಗೆ ಹಾಕಿದ ಹಾಗೆ ಡಬ್ಲ್ಯು. ಅಜ್ಜಿ ಬೆರಳು ಜಾರಿಸುತ್ತಾ ಹೋದರು. ಇದು ನಮ್ಮ ಮನೆ, ಇದು ನಾನು, ನೋಡು ಮೂರು ವರ್ಷ. ಇನ್ನೊಂದು ಹಾಳೆಯ ಕೊನೆಗೆ ಬೆರಳು ನಿಂತಿತು. ಒಂದು ಸಾಲಿನಲ್ಲಿ ಮಾತ್ರ ಸಿ, ಎಚ್, ಐ. ಚೀನಾದವರು. ವಯಸ್ಸು 41. ಒಬ್ಬರೇ. ಕೆಲಸ, ಅಡುಗೆ.

"ಇವರ ಹೋಟೆಲಿಗೆ ನಮ್ಮಪ್ಪ ಕರ್ಕೊಂಡು ಹೋಗ್ತಿದ್ದರು. ಕೆಂಪು ಸ್ಟೂಲುಗಳಿದ್ದವು. ಎಲ್ಲರೂ ಚಾರ್ಲಿ ಅಂತಿದ್ವಿ" ಅಂದರು ಅಜ್ಜಿ. "ಆದರೆ ಇಲ್ಲಿ ಬೇರೆ ಏನೋ ಇದೆಯಲ್ಲ."

ಹೆಸರಿನ ಜಾಗದಲ್ಲಿ ಶಾಯಿ ಹರಡಿತ್ತು. ಬರೆದವರ ಕೈಯೂ ಚೆನ್ನಾಗಿರಲಿಲ್ಲ. ಅಜ್ಜಿ ಅಕ್ಷರ ದೊಡ್ಡದು ಮಾಡಿದರು, ಇನ್ನೂ ದೊಡ್ಡದು ಮಾಡಿದರು. ಮೊದಲನೆಯದು ಎಲ್ ಅಂದರು. ನನಗೆ ಎಸ್ ಥರ ಕಂಡಿತು. ಐದು ಗಂಟೆಗೆ ಬಾಗಿಲು ಹಾಕಬೇಕು. ಐದೂ ಕಾಲಾದರೂ ನಾವಿಬ್ಬರು ಎರಡನೇ ಅಕ್ಷರದಲ್ಲೇ ಇದ್ದೆವು.