ಬಿಡಿಸಲು ಬರುವ ಅಂಟು

ಕಳೆದ ಭಾನುವಾರ ಅಜ್ಜನ ನಿಘಂಟಿನ ಬೆನ್ನನ್ನು ಬಿಚ್ಚಿದೆ. ಹತ್ತು ವರ್ಷಗಳ ಹಿಂದೆ ಅದು ಸಡಿಲವಾಗಿದ್ದಾಗ ಬಿಳಿ ಅಂಟನ್ನು, ಅಂದರೆ ಪಾಲಿವಿನೈಲ್ ಅಸಿಟೇಟನ್ನು, ಧಾರಾಳವಾಗಿ ಬಳಿದು ಒತ್ತಿಟ್ಟಿದ್ದೆ. ಗಟ್ಟಿಯಾಗಿಯೇ ನಿಂತಿತು. ಆದರೆ ಅಂಟು ಕಾಗದಕ್ಕಿಂತ ಬಲವಾಗಿತ್ತು. ಪುಸ್ತಕ ತೆರೆದಾಗಲೆಲ್ಲ ಎಳೆತವೆಲ್ಲ ಹಳೆಯ ಹಾಳೆಗಳ ಮೇಲೆ ಬಿದ್ದು, ಅಂಟು ಮುಗಿಯುವ ಗೆರೆಯುದ್ದಕ್ಕೂ ಅವು ಸೀಳುತ್ತಾ ಬಂದಿದ್ದವು.

ಮೂಲ ಬೈಂಡಿಂಗಿನದು ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ತೆಗೆದ ಕಂದು ಅಂಟು. ಅದರ ಮೇಲೆ ಮಂದವಾಗಿ ಕಲಸಿದ ಮೀಥೈಲ್ ಸೆಲ್ಯುಲೋಸ್, ಅಂದರೆ ನೀರು ಹಿಡಿದಿಟ್ಟು ಲೋಳೆಯಾಗುವ ಒಂದು ಪುಡಿ, ಬಳಿದು 15 ನಿಮಿಷ ಬಿಟ್ಟೆ. ಗಾಜಿನ ಚಕ್ಕೆಯಂತಿದ್ದದ್ದು ನೆನೆದು ಲೋಳೆಯಾಯಿತು. ಚಪ್ಪಟೆ ಕಡ್ಡಿಯಿಂದ ಕೆರೆದರೆ ಸಲೀಸಾಗಿ ಬಂತು, ಕೆಳಗೆ ಹೊಲಿಗೆಯ ದಾರ ಹಾಗೆಯೇ ಇತ್ತು. ನಾನು ಹಾಕಿದ್ದು ಮಾತ್ರ ಉಬ್ಬಿ ಬೆಳ್ಳಗಾಯಿತೇ ಹೊರತು ಕರಗಲಿಲ್ಲ. ಪುಟಗಳ ನಡುವೆ ಇಳಿದಿದ್ದ ಅದನ್ನು ಚಿಮಟದಿಂದ ಎತ್ತಿದರೆ ರಬ್ಬರಿನಂತೆ ಹಿಗ್ಗಿ, ಕಾಗದದ ಮೇಲ್ಪದರವನ್ನೂ ಕಿತ್ತುಕೊಂಡು ಬಂತು. ಒಂದು ತುಣುಕಿಗೆ ‘ಳ’ ಅಕ್ಷರದ ಅರ್ಧ ಅಂಟಿಕೊಂಡಿತ್ತು. ಅದನ್ನು ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು.

ಈ ಸಲ ಗೋಧಿ ಪಿಷ್ಟ. ಮೈದಾ ಬೇಡವೆಂದುಕೊಂಡೆ, ಅದರಲ್ಲಿ ಪ್ರೋಟೀನ್ ಉಳಿದಿರುತ್ತದೆ, ಕಾಲ ಕಳೆದಂತೆ ಬಣ್ಣಗೆಡುತ್ತದೆ. ಒಂದು ಪಾಲು ಪಿಷ್ಟಕ್ಕೆ ಐದು ಪಾಲು ನೀರು ಹಾಕಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕೈ ಬಿಡದೆ ತಿರುವಿದೆ. ಹಾಲಿನಂತಿದ್ದದ್ದು ಮಂದವಾಗಿ, ಬರಬರುತ್ತಾ ಬಿಳುಪು ಕಳೆದುಕೊಂಡು ಮಿನುಗತೊಡಗಿತು. ಆರಿದ ಮೇಲೆ ಜರಡಿಯಲ್ಲಿ ಎರಡು ಬಾರಿ ತಿಕ್ಕಿ ಸೋಸಿದರೆ ಬೆಣ್ಣೆಯಂತಹ ನುಣುಪು. ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ, ಆದ್ದರಿಂದ ಬೇಕಾದಷ್ಟನ್ನೇ ಮಾಡಿಕೊಳ್ಳಬೇಕು. ಸೀಳಿದ ಕಡೆಗೆ ಜಪಾನಿನ ಕೋಜೋ ಎಂಬ ಉದ್ದ ನಾರಿನ ಕಾಗದದ ಪಟ್ಟಿಗಳನ್ನು ಹಾಕಿದೆ. ಅವನ್ನು ಕತ್ತರಿಸಬಾರದು, ಒದ್ದೆ ಮಾಡಿ ಹರಿಯಬೇಕು. ಹರಿದ ಅಂಚಿನ ನಾರುಗಳು ಹಾಳೆಯ ಮೇಲೆ ಗೊತ್ತಾಗದಂತೆ ಕೂರುತ್ತವೆ.

ಬಿಳಿ ಅಂಟಿನ ಮೇಲೆ ನನಗೇನೂ ಹಗೆಯಿಲ್ಲ. ಹೊಸ ಟಿಪ್ಪಣಿ ಪುಸ್ತಕ ಕಟ್ಟುವಾಗ ಈಗಲೂ ಅದೇ. ಆದರೆ ನಾಳೆ ಇನ್ನೊಬ್ಬರು ಬಿಚ್ಚಬೇಕಾಗಿ ಬರುವ ಹಳೆಯ ಪುಸ್ತಕಕ್ಕೆ, ನೀರು ತಾಕಿದರೆ ಮೆತ್ತಗಾಗಿ ಬಿಟ್ಟುಕೊಡುವ ಅಂಟೇ ಬೇಕೆಂಬುದು ನನ್ನ ಹಟ.

ಒಂದು ಹಗಲು, ಒಂದು ರಾತ್ರಿ ಭಾರದಡಿ ಇಟ್ಟು ತೆಗೆದೆ. ನಿಘಂಟು ಮೇಜಿನ ಮೇಲೆ ತಾನಾಗಿ ತೆರೆದುಕೊಂಡು ನಿಂತಿತು. ಆ ಅರ್ಧ ‘ಳ’ವನ್ನು ಅಂಟಿನ ಪೊರೆಯಿಂದ ಬಿಡಿಸಲಾಗಲಿಲ್ಲ. ಪುಟ್ಟ ಲಕೋಟೆಯಲ್ಲಿ ಹಾಕಿ, ಮೇಲೆ ಪುಟದ ಸಂಖ್ಯೆ ಬರೆದು, ರಟ್ಟಿನ ಒಳಬದಿಯಲ್ಲಿ ಇಟ್ಟಿದ್ದೇನೆ.